ಫೈಟರ್ ಎಷ್ಟು, ಬಾಂಬರ್ ಎಷ್ಟು?

ಚನ್ನಪಟ್ಟಣದ ಕಡೆ ಅಕ್ಕೂರಿಗೆ ಹೋಗಿದ್ದೆ. ಸ್ನೇಹಿತರೊಬ್ಬರ ಮನೆ ಗೃಹಪ್ರವೇಶ. ಊಟ ಮುಗಿಸಿ, ಎಲೆ ಅಡಿಕೆ ಹಾಕ್ಕೊಂಡು ಜಗಲಿ ಮೇಲೆ ಕೂತಿದ್ದೆ. ಪಕ್ಕದಲ್ಲೇ ಒಬ್ಬ ಹುಡುಗ, ಒಂಬತ್ತನೇ ಕ್ಲಾಸು ಇರಬಹುದು, ಮೊಬೈಲ್ ಹಿಡ್ಕೊಂಡು ತಲೆ ಎತ್ತದೆ ಕೂತಿದ್ದ. ಇಣುಕಿ ನೋಡಿದೆ. ಎರಡನೇ ಮಹಾಯುದ್ಧದ ಆಟ. ಕಾರ್ಖಾನೆ ಕಟ್ಟಬೇಕು, ವಿಮಾನ ತಯಾರು ಮಾಡಬೇಕು, ಶತ್ರುವಿನ ಊರು ಹೊಡೀಬೇಕು. ಹುಡುಗ ಇದ್ದ ದುಡ್ಡನ್ನೆಲ್ಲ ಬಾಂಬರ್‌ಗೆ ಸುರಿದಿದ್ದ. ದೊಡ್ಡ ದೊಡ್ಡ ವಿಮಾನ ಸಾಲಾಗಿ ಹೊರಟವು. ಶತ್ರುವಿನ ಫೈಟರ್‌ಗಳು ಬಂದು ಒಂದೊಂದನ್ನೇ ಉದುರಿಸಿದವು. ಆಟ ಮುಗೀತು. ಎರಡನೇ ಸಲ ಬರೀ ಫೈಟರ್ ಮಾಡಿದ. ಆಕಾಶ ಇವನದಾಯ್ತು, ಆದರೆ ಕೆಳಗಿನ ಶತ್ರು ಕಾರ್ಖಾನೆ ಹೊಗೆ ಬಿಡ್ತಾ ಆರಾಮಾಗಿ ಓಡ್ತಾನೇ ಇತ್ತು. ಮತ್ತೆ ಸೋತ.

ಆಗ ನನ್ನ ಕಡೆ ತಿರುಗಿದ. "ಅಂಕಲ್, ನೀವು ಟೀವೀಲಿ ದಿನಾ ಯುದ್ಧ ಯುದ್ಧ ಅಂತ ಕೂಗ್ತೀರಲ್ಲ. ನೀವೇ ಹೇಳಿ. ಫೈಟರ್ ಎಷ್ಟು, ಬಾಂಬರ್ ಎಷ್ಟು ಇಟ್ಕೋಬೇಕು?"

ಪ್ರೈಮ್ ಟೈಮಲ್ಲಿ ಹತ್ತು ಜನರನ್ನ ಎದುರು ಕೂರಿಸ್ಕೊಂಡು ಪ್ರಶ್ನೆ ಕೇಳೋ ನನಗೆ ಉತ್ತರ ಗೊತ್ತಿರಲಿಲ್ಲ. "ಅರ್ಧ ಅರ್ಧ ಇಟ್ಕೊಳ್ಳಪ್ಪ" ಅಂದುಬಿಟ್ಟೆ. ಜಗಲಿಯ ಆ ತುದಿಯಲ್ಲಿ ಗೋಡೆಗೆ ಒರಗಿದ್ದ ಹಿರಿಯರೊಬ್ಬರು ನಕ್ಕರು. "ಅರ್ಧ ಅರ್ಧ ಅನ್ನಕ್ಕೆ ಇದೇನು ಮುದ್ದೆನಾ ಸಾರ್?" ಅಂದರು. ಆಮೇಲೆ ಗೊತ್ತಾಯ್ತು, ಅವರು ಎಚ್‌ಎಎಲ್‌ನಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಮಾರುತ್ ಯುದ್ಧವಿಮಾನದ ಹ್ಯಾಂಗರ್‌ನಲ್ಲಿ ರಿವೆಟ್ ಹೊಡೆದ ಕೈ ಅದು.

ನೋಡಿ ವೀಕ್ಷಕರೇ, ಅವತ್ತು ರಾತ್ರಿ ಬೆಂಗಳೂರಿಗೆ ವಾಪಸ್ ಬಂದ ಮೇಲೂ ಆ ಪ್ರಶ್ನೆ ನನ್ನನ್ನ ಬಿಡಲಿಲ್ಲ. ಆ ಹುಡುಗ ಕೇಳಿದ್ದು ಆಟದ ಪ್ರಶ್ನೆ. ಆದರೆ ಅದೇ ಪ್ರಶ್ನೆಯನ್ನ ಇಡೀ ಇಪ್ಪತ್ತನೇ ಶತಮಾನದಲ್ಲಿ ಪ್ರಧಾನಿಗಳು, ಸೇನಾಪತಿಗಳು ಕೇಳಿಕೊಂಡಿದ್ದಾರೆ. ಉತ್ತರ ತಪ್ಪಿದಾಗೆಲ್ಲ ಸಾವಿರಾರು ಜನ ಸತ್ತಿದ್ದಾರೆ. ಆ ಪ್ರಶ್ನೆಯ ಒಂದು ದೊಡ್ಡ ಅಧ್ಯಾಯ ನಡೆದಿದ್ದು ಎಲ್ಲಿ ಗೊತ್ತಾ? ಅಕ್ಕೂರಿನಿಂದ ಬಸ್ಸು ಹತ್ತಿದರೆ ಒಂದೆರಡು ಗಂಟೆಯ ದಾರಿ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ.

ಅದಕ್ಕೂ ಮೊದಲು ಒಂದು ಸಣ್ಣ ವಿಷಯ. ವಿಮಾನವೇ ಇಲ್ಲದ ಕಾಲದಲ್ಲೂ ಈ ಪ್ರಶ್ನೆ ಇತ್ತು. ರಾಮನಗರ, ಕನಕಪುರದ ಜನ ಅದನ್ನ ಕಣ್ಣಾರೆ ಕಂಡಿದ್ದರು. 1791ರ ಮೇ ತಿಂಗಳು. ಬೆಂಗಳೂರು ಕೋಟೆಯನ್ನ ಮಾರ್ಚ್‌ನಲ್ಲೇ ಗೆದ್ದಿದ್ದ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಕಡೆ ಹೊರಟ. ಚನ್ನಪಟ್ಟಣದ ನೇರ ದಾರಿಯಲ್ಲಿ ರಾಮಗಿರಿಯಂಥ ಬೆಟ್ಟದ ಕೋಟೆಗಳು ಟಿಪ್ಪುವಿನ ಕೈಯಲ್ಲಿದ್ದವು. ಅದಕ್ಕೇ ಆತ ಕಾನಕಾನಹಳ್ಳಿ, ಅಂದರೆ ನಮ್ಮ ಕನಕಪುರದ ಕಾಡುದಾರಿ ಹಿಡಿದ. ಜೊತೆಯಲ್ಲಿ ಕೋಟೆ ಒಡೆಯೋ ಭಾರೀ ಫಿರಂಗಿಗಳು, ಎಳೆಯೋಕೆ ಎತ್ತುಗಳು. ಆ ಫಿರಂಗಿಗಳೇ ಆ ಕಾಲದ ಬಾಂಬರ್ ಅಂದ್ಕೊಳ್ಳಿ. ಗುರಿ ತಲುಪಿದರೆ ಗೋಡೆ ಪುಡಿಪುಡಿ. ಆದರೆ ತಲುಪಬೇಕಲ್ಲ? ಟಿಪ್ಪುವಿನ ಹಗುರ ಕುದುರೆ ಸವಾರರು ಸುತ್ತ ಸುಳಿದಾಡ್ತಾ ಮೇವು, ಧಾನ್ಯ ಯಾವುದೂ ಸಿಗದ ಹಾಗೆ ಮಾಡಿದರು. ಅವರು ಫೈಟರ್‌ಗಳು. ಮೇ 15ರಂದು ಅರಕೆರೆ ಹತ್ತಿರದ ಕಾಳಗದಲ್ಲಿ ಗೆದ್ದಿದ್ದು ಕಾರ್ನ್‌ವಾಲಿಸನೇ. ಆದರೆ ಎತ್ತುಗಳು ಸತ್ತು ಬಿದ್ದಿದ್ದವು, ಮಳೆ ಹಿಡಿದಿತ್ತು, ಸೈನಿಕರ ಹೊಟ್ಟೆಗಿರಲಿಲ್ಲ. ಶ್ರೀರಂಗಪಟ್ಟಣ ಕಣ್ಣೆದುರಿಗಿದ್ದಾಗಲೇ ತನ್ನ ಭಾರೀ ಫಿರಂಗಿಗಳನ್ನ ತಾನೇ ನಾಶ ಮಾಡಿ ವಾಪಸ್ ಹೊರಟ. ಅದೇ ವರ್ಷದ ಡಿಸೆಂಬರ್‌ನಲ್ಲಿ ಪಾಠ ಕಲಿತು ಬಂದ. ಮೊದಲು ಸಾವನದುರ್ಗ, ರಾಮಗಿರಿ ಹಿಡಿದು ದಾರಿ ಭದ್ರ ಮಾಡ್ಕೊಂಡ, ಆಮೇಲೆ ಮುಂದಕ್ಕೆ ಹೋದ. ಟಿಪ್ಪು ಒಳ್ಳೆಯವನಾ ಕೆಟ್ಟವನಾ ಅನ್ನೋ ಡಿಬೇಟ್ ಬೇರೆ ದಿನ ಇಟ್ಕೊಳ್ಳೋಣ. ಅದಕ್ಕೆ ಜನ ಕರೆಯೋದು ಕಷ್ಟ ಏನಲ್ಲ.

ಈಗ 1940ಕ್ಕೆ ಬನ್ನಿ. ಯುರೋಪ್ ಹೊತ್ತಿ ಉರಿಯುತ್ತಿತ್ತು. ಆ ಕಾಲದ ಪಂಡಿತರ ನಂಬಿಕೆ ಏನು? ಬಾಂಬರ್ ಇದ್ದವನೇ ರಾಜ. ಇಟಲಿಯ ಜನರಲ್ ಜೂಲಿಯೋ ದುಹೆ 1921ರಲ್ಲೇ ಇಡೀ ಒಂದು ಪುಸ್ತಕ ಬರೆದು ಇದನ್ನ ವಾದಿಸಿದ್ದ. ಊರುಗಳ ಮೇಲೆ ಬಾಂಬ್ ಹಾಕಿದರೆ ಜನ ಹೆದರಿ ಸರ್ಕಾರವನ್ನೇ ಮಣಿಸ್ತಾರೆ, ಕಾಲಾಳು ಯುದ್ಧವೇ ಬೇಕಾಗಲ್ಲ ಅಂತ. ಬ್ರಿಟನ್ನಿನ ನಾಯಕ ಸ್ಟಾನ್ಲಿ ಬಾಲ್ಡ್‌ವಿನ್ 1932ರಲ್ಲಿ ಪಾರ್ಲಿಮೆಂಟಲ್ಲೇ ನಿಂತು, ಬಾಂಬರ್ ಹೇಗಾದರೂ ನುಸುಳಿ ಬಂದೇ ಬರುತ್ತೆ ಅಂತ ಜನರಿಗೆ ಹೇಳಿದ್ದ. ಎಂಥ ಭಯ ನೋಡಿ.

1940ರ ಬೇಸಿಗೆಯಲ್ಲಿ ಜರ್ಮನಿ ಆ ನಂಬಿಕೆ ಹೊತ್ತು ಲಂಡನ್ ಮೇಲೆ ಬಂತು. ಬಾಂಬರ್‌ಗಳ ಜೊತೆ ಕಾವಲಿಗೆ ಮೆಸ್ಸರ್‌ಶ್ಮಿಟ್ 109 ಫೈಟರ್. ಒಳ್ಳೇ ವಿಮಾನ. ಒಂದೇ ತೊಂದರೆ, ಅದರ ಟ್ಯಾಂಕಲ್ಲಿ ಪೆಟ್ರೋಲ್ ಕಡಿಮೆ. ಫ್ರಾನ್ಸಿನಿಂದ ಹಾರಿ ಲಂಡನ್ ತಲುಪಿದರೆ ಅಲ್ಲಿ ಸುಮಾರು ಹತ್ತು ನಿಮಿಷ ಕಾದಾಡಬಹುದು, ಅಷ್ಟೇ. ಆಮೇಲೆ ಮನೆಗೆ ಓಡಬೇಕು. ಫೈಟರ್ ಹೋಯ್ತು ಅಂದ ಕ್ಷಣ ಬಾಂಬರ್ ಅನಾಥ. ಸ್ಪಿಟ್‌ಫೈರ್, ಹರಿಕೇನ್‌ಗಳು ಅದಕ್ಕೇ ಕಾಯ್ತಾ ಇದ್ದವು.

ಅಮೆರಿಕನ್ನರು ಇದರಿಂದ ಬುದ್ಧಿ ಕಲಿತರಾ? ಇಲ್ಲ. ನಮ್ಮ ಬಾಂಬರ್ ಮೈತುಂಬ ಮೆಷಿನ್‌ಗನ್ ಇದೆ, ನಮಗೆ ಕಾವಲು ಬೇಡ ಅಂದರು. 1943ರ ಅಕ್ಟೋಬರ್ 14ರಂದು ಜರ್ಮನಿಯ ಶ್ವೈನ್‌ಫುರ್ಟ್ ಊರಿನ ಬಾಲ್ ಬೇರಿಂಗ್ ಕಾರ್ಖಾನೆ ಮೇಲೆ 291 ಬಿ-17 ಬಾಂಬರ್ ಕಳಿಸಿದರು. 60 ವಾಪಸ್ ಬರಲಿಲ್ಲ. ಒಂದೊಂದರಲ್ಲಿ ಹತ್ತತ್ತು ಹುಡುಗರು. ಲೆಕ್ಕ ನೀವೇ ಹಾಕಿ. 1944ರ ಶುರುವಲ್ಲಿ, ಹೆಚ್ಚುವರಿ ಟ್ಯಾಂಕ್ ಕಟ್ಟಿಕೊಂಡು ಬರ್ಲಿನ್‌ವರೆಗೂ ಹೋಗಿ ಬರೋ ಮುಸ್ತಾಂಗ್ ಫೈಟರ್ ಕೈಗೆ ಬಂದ ಮೇಲೇ ಕಥೆ ಬದಲಾಗಿದ್ದು. ರಾತ್ರಿ ಹೊತ್ತು ಹಾರುತ್ತಿದ್ದ ಬ್ರಿಟನ್ನಿನ ಬಾಂಬರ್ ಕಮಾಂಡ್‌ನಲ್ಲಿ ಸುಮಾರು 1,25,000 ವಿಮಾನ ಸಿಬ್ಬಂದಿಯಲ್ಲಿ 55,573 ಜನ ಸತ್ತರು. ಮೊಬೈಲ್ ಆಟದಲ್ಲಿ ಬಾಂಬರ್ ಉದುರಿದರೆ ಪಾಯಿಂಟ್ ಹೋಗುತ್ತೆ, ಅಷ್ಟೇ ಅಲ್ವಾ?

ಸರಿ, ನಮ್ಮ ಊರಿಗೆ ಬರೋಣ. ಉದ್ಯಮಿ ವಾಲ್‌ಚಂದ್ ಹಿರಾಚಂದ್‌ಗೆ ಪ್ರಯಾಣದ ಮಧ್ಯೆ ವಿಲಿಯಂ ಪಾಲಿ ಅನ್ನೋ ಅಮೆರಿಕನ್ ವಿಮಾನ ವ್ಯಾಪಾರಿಯ ಪರಿಚಯ ಆಯ್ತು. ಭಾರತದಲ್ಲೇ ವಿಮಾನ ಮಾಡೋಣ ಅಂತ ಇಬ್ಬರೂ ಹೊರಟರು. ಜಾಗ ಕೊಟ್ಟವರು ಯಾರು? ನಮ್ಮ ಮೈಸೂರು ಸಂಸ್ಥಾನ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಕಾಲ ಅದು. ಸುಮಾರು 700 ಎಕರೆ ಜಮೀನು, ಮೇಲೆ ಬಂಡವಾಳ. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯ್ತು. ಮರುವರ್ಷ ಭಾರತ ಸರ್ಕಾರವೂ ಪಾಲುದಾರ ಆಯ್ತು.

ಹಾಕ್ಕೊಂಡ ಪ್ಲಾನ್ ನೋಡಿದರೆ ನಮ್ಮ ಅಕ್ಕೂರು ಹುಡುಗನಿಗೆ ಖುಷಿಯಾಗುತ್ತೆ. ಮೂರು ಬಗೆಯ ವಿಮಾನ. ತರಬೇತಿಗೆ ಹಾರ್ಲೋ, ಫೈಟರ್ ಆಗಿ ಕರ್ಟಿಸ್ ಹಾಕ್, ಬಾಂಬರ್ ಆಗಿ ವಲ್ಟಿ. ಆಟದಲ್ಲಿ ಇರೋ ಹಾಗೇ ಸಮತೋಲನ! 1941ರಲ್ಲಿ ಮೊದಲ ಹಾರ್ಲೋ ಹಾರಿತು. 1942ರ ಜುಲೈ ಹೊತ್ತಿಗೆ ಮೊದಲ ಹಾಕ್ ಫೈಟರ್ ಕೂಡ ಹಾರಿತು. ಅಷ್ಟರಲ್ಲಿ ಜಪಾನ್ ಬರ್ಮಾ ನುಂಗಿತ್ತು. 1942ರ ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಜಪಾನೀ ಬಾಂಬ್ ಬಿದ್ದವು. ಬೆಂಗಳೂರಲ್ಲಿ ಕೂತು ಹೊಸ ವಿಮಾನ ಜೋಡಿಸೋಕೆ ಪುರುಸೊತ್ತಿಲ್ಲ, ಇರೋದನ್ನ ರಿಪೇರಿ ಮಾಡ್ಕೊಡಿ ಅಂತ ಆಯ್ತು. ಸರ್ಕಾರ ಕಂಪನಿಯ ಆಡಳಿತವನ್ನೇ ಕೈಗೆ ತಗೊಂಡಿತು. 1943ರಲ್ಲಿ ಕಾರ್ಖಾನೆ ಅಮೆರಿಕದ ವಾಯುಪಡೆಯ ಉಸ್ತುವಾರಿಗೆ ಹೋಯ್ತು. ಫೈಟರೂ ಇಲ್ಲ, ಬಾಂಬರೂ ಇಲ್ಲ. ಬೆಂಗಳೂರು ಗ್ಯಾರೇಜ್ ಆಯ್ತು.

ಗ್ಯಾರೇಜ್ ಅಂದೆ ಅಂತ ಕಡಿಮೆ ಅಂದ್ಕೋಬೇಡಿ. ನೀರಿನ ಮೇಲೆ ಇಳಿಯೋ ಕ್ಯಾಟಲೀನಾ ವಿಮಾನಗಳು ರಿಪೇರಿಗೆ ಬಂದು ಇಳೀತಿದ್ದಿದ್ದು ಬೆಳ್ಳಂದೂರು ಕೆರೆಯಲ್ಲಿ. ಹೌದು, ಅದೇ ಬೆಳ್ಳಂದೂರು. ನೊರೆ ಎದ್ದಾಗ ನಾವು ಕ್ಯಾಮೆರಾ ಕಳಿಸ್ತೀವಲ್ಲ, ಅದೇ ಕೆರೆ. ಯುದ್ಧ ಕಾಲದಲ್ಲಿ ಸುತ್ತಮುತ್ತಲ ಹಳ್ಳಿಗಳಿಂದ ಬಂದ ಸಾವಿರಾರು ಹುಡುಗರು ಅಲ್ಲಿ ಎಂಜಿನ್ ಬಿಚ್ಚೋದು, ಕಟ್ಟೋದು ಕಲಿತರು. ನೇಗಿಲು, ಗಾಡಿಚಕ್ರ ಬಿಟ್ಟರೆ ಬೇರೆ ಯಂತ್ರ ಮುಟ್ಟದಿದ್ದ ಕೈಗಳು.

ಆ ವಲ್ಟಿ ಬಾಂಬರ್ ಕಥೆ ಏನಾಯ್ತು ಅಂತ ಕೇಳ್ತೀರಾ? ಅದೇ ಕಂಪನಿಯ ವೆಂಜನ್ಸ್ ಅನ್ನೋ ಡೈವ್ ಬಾಂಬರ್ ಅಮೆರಿಕದಿಂದ ಸಿದ್ಧವಾಗಿಯೇ ಬಂತು. ಭಾರತೀಯ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಅದನ್ನ ಬರ್ಮಾ ಯುದ್ಧದಲ್ಲಿ ಹಾರಿಸಿದವು. ನಿಧಾನದ ವಿಮಾನ. ಶತ್ರು ಫೈಟರ್ ಎದುರಾದರೆ ಕಥೆ ಮುಗೀತು. ಆದರೂ ಅವು ಜಪಾನೀ ಬಂಕರ್‌ಗಳ ಮೇಲೆ ನೆಟ್ಟಗೆ ಧುಮುಕಿ ಬಾಂಬ್ ಹಾಕಿ ಬಂದವು. ಹೇಗೆ? 1943ರ ಕೊನೆಯಲ್ಲಿ ಆ ರಂಗಕ್ಕೆ ಸ್ಪಿಟ್‌ಫೈರ್ ಬಂದಿತ್ತು. ಮೇಲೆ ಆಕಾಶ ಯಾರದು ಅನ್ನೋದು ತೀರ್ಮಾನ ಆದ ಮೇಲೆ ಕೆಳಗಿನ ನಿಧಾನದವನಿಗೂ ಕೆಲಸ ಮಾಡೋಕೆ ಆಗುತ್ತೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. 1947ರ ಅಕ್ಟೋಬರ್‌ನಲ್ಲಿ ಕಾಶ್ಮೀರದ ಯುದ್ಧ ಶುರುವಾದಾಗ ಸ್ವತಂತ್ರ ಭಾರತದ ಹತ್ತಿರ ಸ್ಪಿಟ್‌ಫೈರ್, ಟೆಂಪೆಸ್ಟ್ ಫೈಟರ್‌ಗಳಿದ್ದವು. ಭಾರೀ ಬಾಂಬರ್ ಒಂದೂ ಇರಲಿಲ್ಲ. ಏನ್ ಮಾಡೋದು? ಸಾಮಾನು ಸಾಗಿಸೋ ಡಕೋಟಾ ವಿಮಾನದ ಬಾಗಿಲಲ್ಲಿ ಬಾಂಬ್ ಇಟ್ಟು ಕೈಯಲ್ಲಿ ಉರುಳಿಸಿದರು. ನಿಜವಾಗ್ಲೂ. ಕಾಲಲ್ಲಿ ಒದ್ದು ಕೆಳಗೆ ಹಾಕೋ ಹಾಗೆ. ಪೂಂಛ್ ಕಾಪಾಡಿದ ಏರ್ ಕಮೋಡೋರ್ ಮೆಹರ್ ಸಿಂಗ್ ಕಾಲದ ಸಾಹಸ ಇದು.

ಅದೇ ಹೊತ್ತಲ್ಲಿ ಕಾನ್ಪುರದ ಏರ್‌ಫೀಲ್ಡ್‌ನಲ್ಲಿ ಒಂದು ವಿಮಾನಗಳ ಸ್ಮಶಾನ ಇತ್ತು. ಅಮೆರಿಕದಲ್ಲಿ ತಯಾರಾದ ಬಿ-24 ಲಿಬರೇಟರ್. ನಾಲ್ಕು ಎಂಜಿನ್‌ನ ಭಾರೀ ಬಾಂಬರ್. ಯುದ್ಧ ಮುಗಿದ ಮೇಲೆ ಬ್ರಿಟಿಷರು ಅವನ್ನ ಅಲ್ಲಿ ಬಿಟ್ಟು ಹೋಗಿದ್ದರು. ಸುಮ್ಮನೆ ಬಿಟ್ಟಿರಲಿಲ್ಲ. ಯಾರೂ ಹಾರಿಸಬಾರದು ಅಂತ ಗುದ್ದಲಿಯಲ್ಲಿ ಮೈಗೆ ತೂತು ಹೊಡೆದು, ಉಪಕರಣ ಒಡೆದು, ಎಂಜಿನ್ ಒಳಗೆ ಮರಳು ಹಾಕಿ ಹೋಗಿದ್ದರು. ಗುಜರಿಗೆ ಹಾಕಿ ಅಂತ ಅರ್ಥ.

ನಮ್ಮ ಎಚ್‌ಎಎಲ್‌ನವರು ಹೋಗಿ ನೋಡಿದರು. ಇದನ್ನ ಎಬ್ಬಿಸಬಹುದು ಅಂದರು. ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಎಂಜಿನ್ ಸೇರಿಸಿ, ಹೇಗೋ ಒಂದು ಸಲ ಹಾರಬಲ್ಲ ಸ್ಥಿತಿಗೆ ತಂದು, ಕಾನ್ಪುರದಿಂದ ಬೆಂಗಳೂರಿಗೆ ಹಾರಿಸ್ಕೊಂಡು ಬಂದರು. ಹಾರಿಸಿದವರು ಕಂಪನಿಯ ಟೆಸ್ಟ್ ಪೈಲಟ್ ಜಮ್‌ಶೇದ್ ಮುನ್ಶಿ. ಎಂಥ ಗುಂಡಿಗೆ ಇರಬೇಕು ಹೇಳಿ. ಗುದ್ದಲಿ ಏಟು ತಿಂದ ವಿಮಾನ, ಮರಳು ಕುಡಿದ ಎಂಜಿನ್, ಅರ್ಧ ಭಾರತ ದಾಟಿ ಬರಬೇಕು. ಬೆಂಗಳೂರಲ್ಲಿ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿದರು. 1948ರ ನವೆಂಬರ್‌ನಲ್ಲಿ ಈ ವಿಮಾನಗಳನ್ನೇ ಇಟ್ಕೊಂಡು ವಾಯುಪಡೆಯ 5ನೇ ಸ್ಕ್ವಾಡ್ರನ್ ಹುಟ್ಟಿತು. ಸ್ವತಂತ್ರ ಭಾರತದ ಮೊದಲ ಭಾರೀ ಬಾಂಬರ್ ದಳ. ಒಟ್ಟು ನಲವತ್ತಕ್ಕೂ ಹೆಚ್ಚು ಲಿಬರೇಟರ್‌ಗಳಿಗೆ ಬೆಂಗಳೂರು ಜೀವ ಕೊಟ್ಟಿತು. ಕಡಲ ಕಾವಲಿಗೆ 6ನೇ ಸ್ಕ್ವಾಡ್ರನ್‌ನಲ್ಲಿ ಅವು 1968ರವರೆಗೂ ಹಾರಿದವು. ಜಗತ್ತಲ್ಲಿ ಬೇರೆಯವರೆಲ್ಲ ಕರಗಿಸಿ ಪಾತ್ರೆ ಮಾಡಿ ಮುಗಿಸಿದ್ದರು. ಅದಕ್ಕೇ ಇವತ್ತು ಇಂಗ್ಲೆಂಡ್, ಅಮೆರಿಕ, ಕೆನಡಾದ ಮ್ಯೂಸಿಯಂಗಳು ತೋರಿಸೋ ಲಿಬರೇಟರ್‌ಗಳಲ್ಲಿ ಕೆಲವು ನಮ್ಮ ವಾಯುಪಡೆಯಿಂದ ಹೋದವು. ಗುದ್ದಲಿ ಹಾಕಿದವರೇ ಬಂದು ಕೇಳಿ ತಗೊಂಡು ಹೋದರು ಅಂದ್ಕೊಳ್ಳಿ!

ಈಗ ಹೇಳಿ. ಅವತ್ತು ಫೈಟರ್-ಬಾಂಬರ್ ಪ್ರಮಾಣ ಯಾರು ತೀರ್ಮಾನ ಮಾಡಿದ್ದು? ಯಾವ ತಜ್ಞರ ಸಮಿತಿ? ಗುಜರಿ ರಾಶಿ ತೀರ್ಮಾನ ಮಾಡಿತು. ಏನು ಸಿಕ್ಕಿತೋ ಅದೇ ಬಲ.

ಆಮೇಲೆ 1957ರಿಂದ ಬ್ರಿಟನ್ನಿನ ಕ್ಯಾನ್‌ಬೆರಾ ಜೆಟ್ ಬಾಂಬರ್ ಬಂತು. ಫೈಟರ್‌ಗಳೂ ಬಂದವು. ಕಾಗದದ ಮೇಲೆ ಸಮತೋಲನ ಚೆನ್ನಾಗೇ ಇತ್ತು. 1962ರ ಅಕ್ಟೋಬರ್‌ನಲ್ಲಿ ಚೀನಾ ಬಂತು. ಅಷ್ಟು ವಿಮಾನ ಇಟ್ಕೊಂಡು ನಾವು ಮಾಡಿದ್ದೇನು? ದಾಳಿಗೆ ಒಂದನ್ನೂ ಬಳಸಲಿಲ್ಲ. ಸಾಮಾನು ಸಾಗಿಸೋಕೆ, ಗಾಯಾಳುಗಳನ್ನ ತರೋಕೆ ವಿಮಾನ ಹಾರಿದವು. ಫೈಟರ್, ಬಾಂಬರ್ ಎರಡೂ ನೆಲದ ಮೇಲೆ. ನಾವು ಹೊಡೆದರೆ ಚೀನಾ ಕಲ್ಕತ್ತಾ ಮೇಲೆ ಬಾಂಬ್ ಹಾಕಿದರೆ ಏನ್ ಗತಿ ಅನ್ನೋ ಭಯ. ಬಾಲ್ಡ್‌ವಿನ್‌ನ ಅದೇ ಹಳೇ ಭಯ, ಮೂವತ್ತು ವರ್ಷ ಆದ ಮೇಲೆ ದೆಹಲಿಯಲ್ಲಿ.

ನವೆಂಬರ್ 19ರಂದು ಪ್ರಧಾನಿ ನೆಹರೂ ಅಮೆರಿಕದ ಅಧ್ಯಕ್ಷ ಕೆನಡಿಗೆ ಪತ್ರ ಬರೆದರು. ಅದರಲ್ಲಿ ಏನು ಕೇಳಿದರು ಗೊತ್ತಾ? 12 ಸ್ಕ್ವಾಡ್ರನ್ ಫೈಟರ್, ನಮ್ಮವರು ಕಲಿಯೋವರೆಗೆ ಹಾರಿಸೋಕೆ ಅಮೆರಿಕದ ಪೈಲಟ್‌ಗಳ ಸಮೇತ. ಜೊತೆಗೆ 2 ಸ್ಕ್ವಾಡ್ರನ್ ಬಿ-47 ಬಾಂಬರ್. ಆರಕ್ಕೆ ಒಂದು. ಅಕ್ಕೂರಿನ ಹುಡುಗ ನನ್ನ ಹತ್ತಿರ ಕೇಳಿದ ಪ್ರಶ್ನೆಗೆ ಭಾರತದ ಪ್ರಧಾನಿ ಒಬ್ಬರು ಬರವಣಿಗೆಯಲ್ಲಿ ಕೊಟ್ಟ ಉತ್ತರ ಇದು. ಆ ಉತ್ತರದಲ್ಲೇ ಅವರ ಮನಸ್ಸಿನ ಚಿತ್ರ ಇದೆ. ಮೊದಲು ನನ್ನ ಊರುಗಳನ್ನ ಕಾಯಿರಿ, ಆಮೇಲೆ ಹೊಡೆಯೋ ಮಾತು. ಆ ಪತ್ರಕ್ಕೆ ಫಲ ಸಿಗೋ ಮೊದಲೇ ಚೀನಾ ಕದನ ವಿರಾಮ ಘೋಷಿಸಿ ಹಿಂದೆ ಸರಿಯಿತು. ಅವತ್ತು ಕ್ಯಾನ್‌ಬೆರಾ, ಹಂಟರ್‌ಗಳನ್ನ ಬಳಸಿದ್ದರೆ ಫಲಿತಾಂಶ ಬೇರೆ ಆಗ್ತಿತ್ತು ಅಂತ ವಾಯುಪಡೆಯ ಎಷ್ಟೋ ಹಿರಿಯರು ಆಮೇಲೆ ವಾದ ಮಾಡಿದ್ದಾರೆ. ನನ್ನ ಮಾತು ಕೇಳಿದರೆ, ಇಟ್ಕೊಂಡಿದ್ದನ್ನ ಬಳಸೋ ಧೈರ್ಯ ಇಲ್ಲದಿದ್ದಾಗ ಆರಕ್ಕೆ ಒಂದಾದರೇನು, ಹತ್ತಕ್ಕೆ ಒಂದಾದರೇನು?

1965ರಲ್ಲಿ ಆ ಹಿಂಜರಿಕೆ ಇರಲಿಲ್ಲ. ಸೆಪ್ಟೆಂಬರ್ 3ರ ಬೆಳಗ್ಗೆ ನಡೆದ ತಂತ್ರ ಕೇಳಿ. ಮಿಸ್ಟೇರ್ ದಾಳಿ ವಿಮಾನಗಳನ್ನ ಎತ್ತರದಲ್ಲಿ, ಪಾಕಿಸ್ತಾನದ ರಾಡಾರ್‌ಗೆ ಕಾಣೋ ಹಾಗೆ ಕಳಿಸಿದರು. ಅವು ಗಾಳಕ್ಕೆ ಸಿಕ್ಕಿಸಿದ ಎರೆಹುಳ. ಅವುಗಳ ಹಿಂದೆ, ನೆಲಕ್ಕೆ ಅಂಟಿಕೊಂಡ ಹಾಗೆ ಕೆಳಗೆ, ಪುಟ್ಟ ನ್ಯಾಟ್ ಫೈಟರ್‌ಗಳು. ಪಾಕಿಸ್ತಾನದ ಸೇಬರ್‌ಗಳು ಮಿಸ್ಟೇರ್ ಬೇಟೆಗೆ ಬಂದವು. ನ್ಯಾಟ್‌ಗಳು ಮೇಲೆದ್ದವು. ಟ್ರೆವರ್ ಕೀಲರ್ ಅವತ್ತು ಹೀರೋ ಆದರು. ಬೆಂಗಳೂರಲ್ಲೇ ತಯಾರಾಗ್ತಿದ್ದ ಆ ಪುಟ್ಟ ನ್ಯಾಟ್‌ಗೆ ಸೇಬರ್ ಸಂಹಾರಿ ಅನ್ನೋ ಹೆಸರೇ ಬಂತು. ಮೂರು ದಿನ ಬಿಟ್ಟು ಪಠಾಣ್‌ಕೋಟ್‌ನಲ್ಲಿ, ಮರುದಿನ ಕಲೈಕುಂಡದಲ್ಲಿ ನಾವೇ ಪೆಟ್ಟು ತಿಂದೆವು. ಕಲೈಕುಂಡದಲ್ಲಿ ನಮ್ಮ ಕ್ಯಾನ್‌ಬೆರಾ ಬಾಂಬರ್‌ಗಳು ನಿಂತಲ್ಲೇ ಸುಟ್ಟು ಹೋದವು. ಬಾಂಬರ್‌ಗೆ ಆಕಾಶದಲ್ಲಿ ಮಾತ್ರ ಅಲ್ಲ, ನೆಲದ ಮೇಲೂ ಫೈಟರ್ ಕಾವಲು ಬೇಕು. ಇದು ಆಟದಲ್ಲಿ ಕಲಿಸಲ್ಲ. ಆದರೆ ಅದೇ ಕ್ಯಾನ್‌ಬೆರಾಗಳು ಸೆಪ್ಟೆಂಬರ್ 21ರಂದು ಸಿಂಧ್‌ನ ಬದೀನ್ ರಾಡಾರ್ ಕೇಂದ್ರದ ಮೇಲೆ ಎರಗಿ ಲೆಕ್ಕ ಚುಕ್ತಾ ಮಾಡಿದವು ಅನ್ನೋದನ್ನೂ ಹೇಳಬೇಕು.

ಈಗ ಆ ಜಗಲಿಯ ಹಿರಿಯರ ವಿಮಾನ. ಮಾರುತ್, ಅಂದರೆ ಎಚ್‌ಎಫ್-24. ಜರ್ಮನಿಯ ಕುರ್ಟ್ ಟ್ಯಾಂಕ್ ಹೆಸರು ಕೇಳಿದ್ದೀರಾ? ಹಿಟ್ಲರ್ ಕಾಲದ ಫೋಕೆವುಲ್ಫ್ 190 ಫೈಟರ್ ವಿನ್ಯಾಸ ಮಾಡಿದ ಮಹಾಶಯ. 1956ರಲ್ಲಿ ಬೆಂಗಳೂರಿಗೆ ಬಂದ. ವಾಯುಪಡೆ ಕೇಳಿದ್ದು ಎರಡೂ ಕೆಲಸ ಮಾಡೋ ವಿಮಾನ. ಎತ್ತರದಲ್ಲಿ ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಿ ಶತ್ರು ವಿಮಾನ ತಡೀಬೇಕು, ಕೆಳಗಿಳಿದು ಬಾಂಬ್ ಕೂಡ ಹಾಕಬೇಕು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ಅದನ್ನ ಬೆಂಗಳೂರಿನ ಆಕಾಶಕ್ಕೆ ಎತ್ತಿದರು. ನೋಡೋಕೆ ಎಷ್ಟು ಚೆಂದ ಅಂದರೆ, ಈಗಲೂ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಿ, ಅಲ್ಲಿ ನಿಂತಿದೆ.

ಮೈ ಸಿದ್ಧ ಇತ್ತು. ಎಂಜಿನ್ ಇರಲಿಲ್ಲ. ಆ ಮೈಗೆ ಬೇಕಿದ್ದ ಶಕ್ತಿಯ ಎಂಜಿನ್ ಬ್ರಿಟನ್ನಿನಿಂದ ಬರಲಿಲ್ಲ. ಈಜಿಪ್ಟ್ ಜೊತೆ ಸೇರಿ ಅವರ ಎಂಜಿನ್ ಕೂರಿಸಿ ನೋಡಿದರು, ಅದೂ ಕೈ ಹತ್ತಲಿಲ್ಲ. ನ್ಯಾಟ್‌ಗೆ ಹಾಕ್ತಿದ್ದ ಜಾತಿಯ ಆರ್ಫಿಯಸ್ ಎಂಜಿನ್ ಎರಡು ಹಾಕಿ ಹಾರಿಸಿದರು. ಎರಡು ಪಟ್ಟು ವೇಗದ ಕನಸು ಅಲ್ಲಿಗೇ ನಿಂತಿತು. ವೇಗ ಹೆಚ್ಚಿಸೋ ಪ್ರಯತ್ನ ನಡೀತಾನೇ ಇತ್ತು. 1970ರ ಜನವರಿ 10ರಂದು ಅಂಥ ಒಂದು ಸುಧಾರಿತ ಮಾರುತ್ ಬೆಂಗಳೂರಲ್ಲಿ ಟೇಕಾಫ್ ಆಗುವಾಗ ಬಿದ್ದಿತು. ಒಳಗಿದ್ದವರು ಸುರಂಜನ್ ದಾಸ್. ಬೈಯಪ್ಪನಹಳ್ಳಿ ಕಡೆಯಿಂದ ಹಳೇ ಏರ್‌ಪೋರ್ಟ್ ರಸ್ತೆಗೆ ಹೋಗುವಾಗ ಸುರಂಜನ್‌ದಾಸ್ ರಸ್ತೆ ಟ್ರಾಫಿಕ್ ಬೈಕೊಳ್ತೀವಲ್ಲ, ಆ ಹೆಸರು ಅವರದ್ದು.

ಅಕ್ಕೂರಿನ ಹಿರಿಯರು ಆ ದಿನದ ಬಗ್ಗೆ ಜಾಸ್ತಿ ಮಾತಾಡಲಿಲ್ಲ. "ಹ್ಯಾಂಗರ್‌ನಲ್ಲಿ ಯಾರೂ ಊಟದ ಡಬ್ಬಿ ತೆಗೀಲಿಲ್ಲ ಸಾರ್" ಅಂದರು, ಅಷ್ಟೇ.

ಮುಂದೆ ಏನಾಯ್ತು? ಆಕಾಶದಲ್ಲಿ ಕಾದಾಡೋಕೆ ಅಂತ ಕನಸು ಕಂಡ ಮಾರುತ್, ನೆಲದ ಮೇಲೆ ದಾಳಿ ಮಾಡೋ ವಿಮಾನ ಆಯ್ತು. 1971ರ ಡಿಸೆಂಬರ್‌ನಲ್ಲಿ ರಾಜಸ್ಥಾನದ ಮರುಭೂಮಿಯಲ್ಲಿ ಶತ್ರುವಿನ ಟ್ಯಾಂಕ್, ರೈಲು, ಸರಬರಾಜಿನ ಮೇಲೆ ಎರಗಿತು. ಗುಂಡು ತಿಂದು ಒಂದು ಎಂಜಿನ್ ಹೋದರೂ ಇನ್ನೊಂದರಲ್ಲೇ ಮನೆಗೆ ಬಂದ ಮಾರುತ್‌ಗಳಿವೆ. ವಿದೇಶದ ತಜ್ಞರು ಇದನ್ನ ಸೋತ ವಿಮಾನ ಅಂತ ಬರೀತಾರೆ. ಒಟ್ಟು 147 ಮಾಡಿದ್ದು, ಆಮೇಲೆ ನಿಲ್ಲಿಸಿದ್ದು. ನಾನು ಹಾಗನ್ನಲ್ಲ. ಸೋತಿದ್ದು ಎಂಜಿನ್ ತರಬೇಕಾದವರು. ಲೋಹ ಬಡಿದವರು ಸೋಲಲಿಲ್ಲ.

ಅದೇ ಯುದ್ಧದಲ್ಲಿ ಪೂರ್ವದಲ್ಲಿ ನಡೆದಿದ್ದು ಇನ್ನೂ ತಮಾಷೆ. ಮಿಗ್-21 ಬಂದಿದ್ದು ಪಕ್ಕಾ ಫೈಟರ್ ಆಗಿ. ಢಾಕಾದ ತೇಜಗಾಂವ್ ರನ್‌ವೇ ಮೇಲೆ 500 ಕಿಲೋ ಬಾಂಬ್ ಹಾಕಿ ಗುಂಡಿ ತೋಡಿದ್ದು ಅದೇ ಮಿಗ್. ರನ್‌ವೇ ಹೋದ ಮೇಲೆ ಪಾಕಿಸ್ತಾನದ ಫೈಟರ್‌ಗಳು ಮೇಲೇಳೋಕೇ ಆಗಲಿಲ್ಲ. ಡಿಸೆಂಬರ್ 14ರಂದು ಢಾಕಾದ ಗವರ್ನರ್ ಭವನದ ಮೇಲೆ ರಾಕೆಟ್ ಬಿಟ್ಟಿದ್ದೂ ಮಿಗ್‌ಗಳೇ. ಎರಡು ದಿನಕ್ಕೆ ಶರಣಾಗತಿ. ಫೈಟರ್ ಬಾಂಬರ್ ಆಗಿತ್ತು. ಇನ್ನೊಂದು ಕಡೆ ಪಶ್ಚಿಮದಲ್ಲಿ, ಸಾಮಾನು ಸಾಗಿಸೋ ದೈತ್ಯ ಎಎನ್-12 ವಿಮಾನದಲ್ಲಿ ಬಾಂಬ್ ತುಂಬಿಕೊಂಡು ಹೋಗಿ ಚಾಂಗಾ ಮಾಂಗಾ ಕಾಡಿನ ಮದ್ದುಗುಂಡು ಸಂಗ್ರಹದ ಮೇಲೆ ರಾತ್ರಿ ಸುರಿದು ಬಂದರು. 1948ರ ಡಕೋಟಾ ನೆನಪಾಯ್ತಾ?

2007ರ ಮೇ ತಿಂಗಳಲ್ಲಿ ಆಗ್ರಾದಲ್ಲಿ ಕೊನೆಯ ಕ್ಯಾನ್‌ಬೆರಾಗಳಿಗೆ ವಿದಾಯ ಹೇಳಿದರು. ಅವತ್ತಿಂದ ನಮ್ಮ ವಾಯುಪಡೆಯಲ್ಲಿ ಬಾಂಬರ್ ಅಂತಲೇ ಕರೆಯೋ ಪ್ರತ್ಯೇಕ ವಿಮಾನ ಇಲ್ಲ. ಸುಖೋಯ್, ಮಿರಾಜ್, ರಫೇಲ್, ತೇಜಸ್, ಎಲ್ಲವೂ ಎರಡೂ ಕೆಲಸ ಮಾಡ್ತವೆ. ಮಂಜೂರಾದ ಸ್ಕ್ವಾಡ್ರನ್ 42, ಇರೋದು ಅದಕ್ಕಿಂತ ಎಷ್ಟೋ ಕಡಿಮೆ ಅನ್ನೋದು ಈಗಿನ ತಲೆನೋವು. ತೇಜಸ್‌ನ ಹೃದಯವೂ ಅಮೆರಿಕದ ಎಂಜಿನ್ನೇ. ಕುರ್ಟ್ ಟ್ಯಾಂಕ್ ಹೋಗಿ ಎಷ್ಟು ವರ್ಷ ಆಯ್ತು?

ಅವತ್ತು ಜಗಲಿಯಲ್ಲಿ ಇಷ್ಟೆಲ್ಲ ಮಾತು ಆಗೋ ಹೊತ್ತಿಗೆ ಹುಡುಗ ಮೂರನೇ ಸಲ ಆಟ ಶುರು ಮಾಡಿದ್ದ. ಈ ಸಲ ಮೊದಲು ಫೈಟರ್, ಆಮೇಲೆ ಒಂದಷ್ಟು ಬಾಂಬರ್. ಗೆಲ್ಲೋ ಹಾಗೆ ಕಾಣ್ತಿದ್ದ. ಹಿರಿಯರು ಕನ್ನಡಕ ಏರಿಸಿ ಮೊಬೈಲ್ ಕಡೆ ಬಗ್ಗಿ ನೋಡಿದರು.

"ಚೆನ್ನಾಗ್ ಮಾಡಿದ್ದೀಯ ಕಣ್ ಮಗ. ಇವಕ್ಕೆಲ್ಲ ಎಂಜಿನ್ ಎಲ್ಲಿಂದ ತರ್ತೀಯ?"

ಹುಡುಗ ತಲೆ ಎತ್ತಲಿಲ್ಲ. "ಎಂಜಿನ್ ಎಲ್ಲಾ ವಿಮಾನದ ಜೊತೇಲೇ ಬರ್ತದೆ ತಾತ" ಅಂದ.

ತಾತ ನನ್ನ ಮುಖ ನೋಡಿದರು.